ರಾಣಿಪುರಂ ಹತ್ತುವವರಿಗೆ: ಬಾಟಲಿಗೊಂದು ಒದ್ದೆ ಬೈರಾಸು

ಬೇಸಗೆಯಲ್ಲಿ ಕಾಸರಗೋಡಿನ ರಾಣಿಪುರಂ ಬೆಟ್ಟ ಹತ್ತುವಾಗ ಹಳೆಯ ತೆಳ್ಳನೆಯ ಬೈರಾಸನ್ನು (ಹತ್ತಿಯ ಟವೆಲ್) ನೀರಲ್ಲಿ ಅದ್ದಿ ಹಿಂಡಿ, ಸ್ಟೀಲ್ ಬಾಟಲಿಗೆ ಒಂದೇ ಸುತ್ತು ಸುತ್ತಿ, ಬ್ಯಾಗಿನ ಹೊರಗೆ ನೇತುಹಾಕಿ. ನಿಮ್ಮ ಬ್ಯಾಗಿಗಲ್ಲ, ಜೊತೆಗೆ ಬಂದವರ ಬ್ಯಾಗಿಗೆ. ಅವರದ್ದು ನಿಮ್ಮ ಬ್ಯಾಗಿಗೆ. ಆಗ ನೀರೂ ತಣ್ಣಗಿರುತ್ತದೆ, ಬ್ಯಾಗ್ ಇಳಿಸದೆ ಕೈಚಾಚಿ ತೆಗೆದು ಕುಡಿಯಲೂ ಆಗುತ್ತದೆ. ಇಳಿಸಬೇಕು ಅಂದರೆ "ಮೇಲೆ ಹೋಗಿ ಕುಡಿದರಾಯ್ತು" ಅಂತ ಬಾಯಾರಿಕೊಂಡೇ ನಡೆಯುತ್ತೇವೆ, ಅಲ್ವಾ? ನೀರು ತಣ್ಣಗಾಗುವುದು ಮಣ್ಣಿನ ಹೂಜಿಯ ಲೆಕ್ಕದಲ್ಲೇ. 1 ಗ್ರಾಂ ನೀರನ್ನು 1 ಡಿಗ್ರಿ ಬಿಸಿ ಮಾಡಲು 1 ಕ್ಯಾಲೊರಿ ಸಾಕು. ಅದೇ 1 ಗ್ರಾಂ ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಎಳೆದುಕೊಳ್ಳುತ್ತದೆ. ಅದರಲ್ಲಿ ಒಂದು ಪಾಲು ಬಾಟಲಿಯೊಳಗಿನ ನೀರಿನಿಂದ. ಟರ್ಕಿ ಟವೆಲ್ ಬೇಡ, ಸುಮ್ನೆ ಭಾರ. ಗಾಳಿ ಮಾತ್ರ ಬೇಕೇ ಬೇಕು. ಕಾಡಿನೊಳಗಿನ ದಾರಿಯಲ್ಲಿ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ, ಮೇಲಿನ ಹುಲ್ಲುಗಾವಲಿಗೆ ಬಂದರೆ ತಿಳಿಯುತ್ತದೆ. ಬೈರಾಸು ಒಣಗಿ ಗರಿಗರಿಯಾದರೆ ಮತ್ತೆ ಒದ್ದೆ ಮಾಡಿ, ಆದರೆ ತೊರೆ ನೀರಲ್ಲಿ ಅದ್ದಿದರೆ ಬಾಟಲಿಯ ಬಾಯಿಗೆ ತಾಗಿಸಬೇಡಿ. ಕುಂಬಳೆ, ಬೇಕಲದ ಕಡಲ ಬದಿಯಲ್ಲಿ ಮೇ ತಿಂಗಳ ಸೆಖೆಗೆ ಇದು ಜಾಸ್ತಿ ನಡೆಯುವುದಿಲ್ಲ. ಗಾಳಿಯಲ್ಲೇ ಅಷ್ಟು ತೇವ ಇರುವಾಗ ಬಟ್ಟೆ ಆರುವುದೆಲ್ಲಿ? ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಥರ್ಮಸ್ ಬಾಟಲಿಗೆ ಸುತ್ತುವುದೂ ದಂಡ, ಅದರ ಹೊರಗಿನ ತಂಪು ಒಳಗೆ ಹೋಗುವುದಿಲ್ಲ. ಇನ್ನೊಂದು, ಜೊತೆಯವರು ಬಿರಬಿರನೆ ಮುಂದೆ ಹೋಗುವ ಜಾತಿಯಾದರೆ ನಿಮ್ಮ ನೀರೂ ಅವರ ಹಿಂದೆಯೇ ಹೋಗುತ್ತದೆ. ಅಂಥವರ ಜೊತೆಗಾದರೆ ಸಣ್ಣ ಬಾಟಲಿಯೊಂದು ನಿಮ್ಮ ಹತ್ತಿರವೇ ಇರಲಿ.