ಮೊಲದ ಕಜ್ಜಿ ಮೂರನೇ ಸಲಕ್ಕೆ ಹೋಯಿತು

"ಗೂಡು ಸುಟ್ಟುಬಿಡಿ, ಮೊಲಗಳ ಆಸೆ ಬಿಡಿ." ಕಜ್ಜಿ ಎರಡನೇ ಸಲ ಮರುಕಳಿಸಿದಾಗ ಮೊಲ ಸಾಕುವ ಗೆಳೆಯರೇ ಹೀಗೆ ಹೇಳಿದ್ದರು. ಈಗ ಹನ್ನೊಂದು ತಿಂಗಳಾಯಿತು, ಒಂದು ಹಕ್ಕಳೆಯೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ನನ್ನ ಮೊಲ ಬೆಳ್ಳಿಯ ಮೂಗಿನ ಅಂಚಿನಲ್ಲಿ. ಬೂದು ಬಣ್ಣದ ಹಕ್ಕಳೆ. ಹುಳುಕಡ್ಡಿ ಅಂದುಕೊಂಡು ಮುಲಾಮು ಹಚ್ಚಿದೆ, ಪೂರ್ತಿ ನೆಕ್ಕಿ ಮುಗಿಸಿತು. ಎರಡು ವಾರಕ್ಕೆ ಮುಂಗಾಲಿನ ಉಗುರಿನ ಸುತ್ತ ಬಂತು. ಮೂಗು ಉಜ್ಜಿಕೊಳ್ಳುವುದು ಆ ಕಾಲಲ್ಲೇ ಅಲ್ವಾ? ರಾತ್ರಿಯೆಲ್ಲ ಪರಪರ ಕೆರೆತ. ಕೊನೆಗೆ ಡಾಕ್ಟರು ಹಕ್ಕಳೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಜ್ಜಿ ತರುವ ಸಾರ್ಕಾಪ್ಟಿಸ್ ಹುಳ. ಅಷ್ಟರಲ್ಲಿ ನನ್ನ ಮುಂಗೈಯಲ್ಲೂ ಕೆಂಪು ಗುಳ್ಳೆ.

ಡಾಕ್ಟರ ಹತ್ತಿರ ಹೋಗುವ ಮೊದಲು ಕಳೆದ ದುಡ್ಡು ಹೇಳಲು ನಾಚಿಕೆ. ಬೇವಿನೆಣ್ಣೆ, ಶಾಂಪೂ, ಪೌಡರ್ ಎಲ್ಲ ಸೇರಿ ಮೂರು ಸಾವಿರದ ಹತ್ತಿರ. ಸ್ನಾನ ಮಾಡಿಸಿದ ದಿನ ಮೊಲ ನಡುಗಿದ್ದು ನೋಡಿ ಶಾಂಪೂ ಬಾಟಲಿ ಎಸೆದೆ. ಅಂಗಡಿಯವನೊಬ್ಬ ನಾಯಿಯ ಉಣ್ಣಿ ಹುಳಕ್ಕೆ ಹೊಡೆಯುವ ಸ್ಪ್ರೇ ಕೊಟ್ಟ. ಅದರಲ್ಲಿದ್ದದ್ದು ಫಿಪ್ರೊನಿಲ್. ಮೊಲಕ್ಕೆ ಅದು ವಿಷ. ಹೊಡೆದ ಮೊಲ ಮೇವು ಬಿಟ್ಟಿತು, ಮೂರನೇ ದಿನ ಹೋಯಿತು. ಆರು ಮೊಲ ಇದ್ದದ್ದು ಐದಾಯಿತು.

ಕೊನೆಗೆ ಹಿಡಿದದ್ದು ಐವರ್ಮೆಕ್ಟಿನ್, ಹುಳ ಸಾಯಿಸುವ ಔಷಧಿ. ಮೊದಲ ಸಲ ಒಂದೇ ಚುಚ್ಚುಮದ್ದು ಹಾಕಿಸಿದೆ. ಹತ್ತು ದಿನಕ್ಕೆ ಹಕ್ಕಳೆ ಉದುರಿತು, ಗೆದ್ದೆ ಅಂದುಕೊಂಡೆ. ಒಂದೂವರೆ ತಿಂಗಳಿಗೆ ಮತ್ತೆ ಹಾಜರ್. ಔಷಧಿ ಹುಳ ಸಾಯಿಸುತ್ತದೆ, ಮೊಟ್ಟೆ ಹಾಗೇ ಉಳಿಯುತ್ತದೆ. ಎರಡನೇ ಸಲ ಎರಡು ಡೋಸ್, ಆದರೆ ಕಜ್ಜಿ ಕಂಡ ಎರಡಕ್ಕೆ ಮಾತ್ರ. ಅದೂ ದಂಡ. ಮೂರನೇ ಸಲ ಐದಕ್ಕೂ ಒಂದೇ ದಿನ, ಹನ್ನೆರಡು ದಿನಕ್ಕೊಮ್ಮೆ, ಮೂರು ಸಲ. ಚೆನ್ನಾಗಿ ಕಾಣುವ ಮೊಲವನ್ನೂ ಬಿಡಲಿಲ್ಲ. ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ, ಕೆಜಿಗೆ 0.3 ಮಿಲಿಗ್ರಾಂ ಲೆಕ್ಕದಲ್ಲಿ ಡಾಕ್ಟರು ಕೊಟ್ಟರು. ಎರಡು ಕೆಜಿ ಮೊಲಕ್ಕೆ ಒಂದು ಹನಿಯಷ್ಟೇ ಬರುತ್ತದೆ. ಕಣ್ಣಂದಾಜು ಬೇಡ, ಇನ್ಸುಲಿನ್ ಸಿರಿಂಜೇ ಬೇಕು. ಸೂಜಿ ಹಾಕುವಾಗ ಅದು ಒದೆಯದ ಹಾಗೆ ಹಿಡಿಯುವ ನನ್ನ ಉಪಾಯ ಮಾತ್ರ ಹೇಳಲ್ಲ. ಮನೆಗೆ ಬಂದರೆ ತೋರಿಸುತ್ತೇನೆ. ಮೂರು ಸುತ್ತಿಗೆ ಸುಮಾರು ಹದಿನೆಂಟು ನೂರು ಆಯಿತು.

ಡೋಸ್ ಕೊಟ್ಟ ಪ್ರತಿ ದಿನವೂ ಗೂಡಿಗೆ ಕುದಿಯುವ ನೀರು, ಆಮೇಲೆ ಬಿಸಿಲು. ಗೋಣಿಚೀಲ, ಹಳೇ ಹುಲ್ಲು ಸುಟ್ಟೆ. ಮೊಲಗಳು ಅಷ್ಟು ಹೊತ್ತು ರಟ್ಟಿನ ಡಬ್ಬದಲ್ಲಿ. ಸಂಜೆ ಆ ಡಬ್ಬವೂ ಬೆಂಕಿಗೆ.

ಇದೇ ಹೊತ್ತಲ್ಲಿ ಸುಮ್ನೆ ಒಂದು ಪ್ರಯೋಗ ಮಾಡಿದೆ. ಇನ್ನೊಂದು ಮೊಲ ಕರಿಯನ ಬೆನ್ನಲ್ಲಿ ಹೊಟ್ಟಿತ್ತು. ಕಪ್ಪು ಕಾಗದದ ಮೇಲೆ ಬಾಚಿ ಲೆನ್ಸ್ ಹಿಡಿದರೆ ಒಂದೆರಡು ಚೂರು ನಡೆಯುತ್ತಿವೆ! ಅದು ಬೇರೆ ಹುಳ, ಆದರೆ ಅದೇ ಔಷಧಿಗೆ ಹೋಯಿತು. ಹಿಂಗಾಲಿನ ಹಿಮ್ಮಡಿಯಲ್ಲಿ ಹುಣ್ಣೂ ಇತ್ತು, ಆದರೆ ಅದಕ್ಕೆ ಕಾರಣ ಹುಳ ಅಲ್ಲ, ಗೂಡಿನ ತಂತಿ ಬಲೆಯ ನೆಲ. ಅರ್ಧ ಭಾಗಕ್ಕೆ ಹಲಗೆ ಹಾಕಿ ಮೇಲೆ ಒಣಹುಲ್ಲು ಹಾಸಿದೆ, ತಿಂಗಳೊಳಗೆ ಆರಿತು. ಹಲಗೆ ಎರಡು ದಿನಕ್ಕೇ ಉಚ್ಚೆ ನಾರುತ್ತದೆ, ಅದಕ್ಕಿನ್ನೂ ದಾರಿ ಹುಡುಕುತ್ತಿದ್ದೇನೆ.

ಗೂಡು ಸುಡಿ ಅಂದವರೇ ಹೋದ ವಾರ ಫೋನ್ ಮಾಡಿದ್ದರು. ಅವರ ಮೊಲದ ಮೂಗಿನ ಮೇಲೆ ಬೂದು ಹಕ್ಕಳೆಯಂತೆ.