ವೇತನ ಚೀಟಿ, ಸೇವಾ ಪುಸ್ತಕ ಮತ್ತು ನಿಯಮ: ಸರ್ಕಾರಿ ಶಾಲಾ ಶಿಕ್ಷಕರು ತಮ್ಮ ಹಕ್ಕನ್ನು ತಾವೇ ಪರಿಶೀಲಿಸಿಕೊಳ್ಳುವ ಬಗೆ

ಕರ್ನಾಟಕದ ಸರ್ಕಾರಿ ಶಾಲಾ ಶಿಕ್ಷಕರ ಸಂಬಳ, ರಜೆ, ಬಡ್ತಿ, ಪಿಂಚಣಿ ಇವೆಲ್ಲ ಕೊನೆಗೆ ನಿಲ್ಲುವುದು ಎರಡು ದಾಖಲೆಗಳ ಮೇಲೆ. ಒಂದು, ಸರ್ಕಾರಿ ನೌಕರರ ಸೇವೆ ಮತ್ತು ಸಂಬಳದ ಲೆಕ್ಕವಿಡುವ ಎಚ್‌ಆರ್‌ಎಂಎಸ್ ತಂತ್ರಾಂಶದಿಂದ ತಿಂಗಳಿಗೊಮ್ಮೆ ಸಿಗುವ ವೇತನ ಚೀಟಿ. ಇನ್ನೊಂದು, ಕಚೇರಿಯ ಕಪಾಟಿನಲ್ಲಿರುವ ಸೇವಾ ಪುಸ್ತಕ, ಅಂದರೆ ನಾವೆಲ್ಲ ಎಸ್.ಆರ್. ಎಂದು ಕರೆಯುವ ವಹಿ. ಈ ಎರಡರ ಲೆಕ್ಕವೂ ಒಂದಕ್ಕೊಂದು ತಾಳೆಯಾಗಬೇಕು, ಎರಡೂ ನಿಯಮಕ್ಕೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಅದನ್ನು ಮೊದಲು ಗಮನಿಸಬೇಕಾದವರು ಶಿಕ್ಷಕರೇ ಹೊರತು ಕಚೇರಿಯಲ್ಲಿ ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರಲ್ಲ, ಏಕೆಂದರೆ ಒಬ್ಬ ವಿಷಯ ನಿರ್ವಾಹಕರ ಕೈಯಲ್ಲಿ ಇಡೀ ತಾಲ್ಲೂಕಿನ ಕಡತಗಳಿರುತ್ತವೆ, ಶಿಕ್ಷಕರಿಗೆ ಇರುವುದು ತಮ್ಮದೊಂದೇ.

ವೇತನ ಚೀಟಿಯಿಂದ ಆರಂಭಿಸೋಣ. ಅದರ ಎಡಭಾಗದಲ್ಲಿ ಬರತಕ್ಕ ಹಣವೂ ಬಲಭಾಗದಲ್ಲಿ ಕಟಾವಣೆಯೂ ಇದ್ದರೂ ಪರಿಶೀಲನೆಯ ಬೇರು ಇರುವುದು ಮೂಲ ವೇತನದಲ್ಲಿ, ಏಕೆಂದರೆ ಉಳಿದ ಹೆಚ್ಚಿನ ಅಂಕಿಗಳು ಅದರ ಶೇಕಡಾವಾರು ಲೆಕ್ಕಗಳಷ್ಟೆ. ನಿವೃತ್ತ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ್ ರಾವ್ ಅವರ ಅಧ್ಯಕ್ಷತೆಯ 7ನೇ ರಾಜ್ಯ ವೇತನ ಆಯೋಗದ ಶಿಫಾರಸುಗಳು 2024ರ ಆಗಸ್ಟ್ 1ರಿಂದ ಜಾರಿಗೆ ಬಂದಾಗ ಎಲ್ಲರ ಮೂಲ ವೇತನವನ್ನೂ ಹೊಸದಾಗಿ ನಿಗದಿಪಡಿಸಲಾಯಿತು. 2022ರ ಜುಲೈ 1ರಂದು ಇದ್ದ ಮೂಲ ವೇತನಕ್ಕೆ ಶೇ. 31 ತುಟ್ಟಿಭತ್ಯೆಯನ್ನೂ ಶೇ. 27.5 ಫಿಟ್‌ಮೆಂಟನ್ನೂ (ಪರಿಷ್ಕರಣೆಯ ಹೆಚ್ಚಳ) ಸೇರಿಸಿ, ಬಂದ ಮೊತ್ತವನ್ನು ಹೊಸ ಶ್ರೇಣಿಯ ಹಂತಕ್ಕೆ ಹೊಂದಿಸುವುದು ಆಗಿನ ಸೂತ್ರ. ಆ ದಿನಾಂಕದಿಂದ 2024ರ ಜುಲೈವರೆಗಿನ ಅವಧಿಯ ಲೆಕ್ಕ ಕಾಗದದ ಮೇಲೆ ಮಾತ್ರ ನಡೆದದ್ದರಿಂದ, ನಡುವೆ ವಾರ್ಷಿಕ ವೇತನ ಬಡ್ತಿ ಅಥವಾ ಮುಂಬಡ್ತಿ ಪಡೆದವರ ನಿಗದಿಯಲ್ಲಿ ಒಂದು ಹಂತ ತಪ್ಪಿಹೋಗಿದ್ದರೂ ಅದು ಕೈಗೆ ಬರುವ ಹಣದಲ್ಲಿ ಆ ಕಾಲಕ್ಕೆ ಕಾಣಿಸುತ್ತಿರಲಿಲ್ಲ. ಹಾಗಾಗಿ ವೇತನ ನಿಗದಿ ತಃಖ್ತೆಯ ಪ್ರತಿಯೊಂದನ್ನು ಕೇಳಿ ಪಡೆದು, ಈ ಸೂತ್ರವನ್ನು ಒಮ್ಮೆ ಸ್ವತಃ ಹಾಕಿ ನೋಡುವುದು ಒಳ್ಳೆಯದು. ಈಗ ಒಂದು ಹಂತ ಕಡಿಮೆ ಇದ್ದರೆ ಅದು ಮುಂದಿನ ಪ್ರತಿ ತಿಂಗಳಿಗೂ ಕೊನೆಗೆ ನಿವೃತ್ತಿ ಸೌಲಭ್ಯಕ್ಕೂ ಹರಿದುಹೋಗುತ್ತದೆ.

ಉದಾಹರಣೆಗೆ ಲೆಕ್ಕ ಸುಲಭವಾಗಲೆಂದು ಮೂಲ ವೇತನ 50,000 ರೂಪಾಯಿ ಎಂದು ಇಟ್ಟುಕೊಳ್ಳೋಣ. 2025ರ ಜನವರಿಯಿಂದ ಜೂನ್‌ವರೆಗೆ ಅನ್ವಯಿಸಿದ್ದ ಶೇ. 12.25ರ ತುಟ್ಟಿಭತ್ಯೆಯ ದರದಲ್ಲಿ 6,125 ರೂಪಾಯಿ ಸೇರುತ್ತದೆ. ಮನೆ ಬಾಡಿಗೆ ಭತ್ಯೆ ಬೆಂಗಳೂರಿನಲ್ಲಿ ಶೇ. 20, ಮೈಸೂರು, ಹುಬ್ಬಳ್ಳಿ-ಧಾರವಾಡದಂತಹ ನಗರಗಳಲ್ಲಿ ಶೇ. 15, ಉಳಿದ ಊರುಗಳಲ್ಲಿ ಶೇ. 7.5 ಇರುವುದರಿಂದ ಹಳ್ಳಿಯ ಶಾಲೆಯಲ್ಲಿ 3,750 ರೂಪಾಯಿ ಬರಬೇಕು. ಭತ್ಯೆಯ ದರ ನಿಂತಿರುವುದು ಶಾಲೆ ಇರುವ ಸ್ಥಳದ ಮೇಲೆ, ಆದ್ದರಿಂದ ವರ್ಗಾವಣೆಯಾದ ತಿಂಗಳಲ್ಲಿ ಈ ಸಾಲನ್ನು ತಪ್ಪದೆ ನೋಡಬೇಕು. ತುಟ್ಟಿಭತ್ಯೆಯ ಆದೇಶಗಳು ಸಾಮಾನ್ಯವಾಗಿ ಹಿಂದಿನ ದಿನಾಂಕದಿಂದ ಜಾರಿಯಾಗುತ್ತವೆ. ಆದೇಶದ ದಿನಾಂಕ, ಜಾರಿಯ ದಿನಾಂಕ ಎರಡನ್ನೂ ಬರೆದಿಟ್ಟುಕೊಂಡರೆ ಎಷ್ಟು ತಿಂಗಳ ಬಾಕಿ ಬರಬೇಕು ಎಂಬುದು ತಾನೇ ತಿಳಿಯುತ್ತದೆ.

ಕಟಾವಣೆಯ ಕಡೆ ಎಲ್ಲರ ಕಣ್ಣೂ ಮೊದಲು ಹೋಗುವುದು ಆದಾಯ ತೆರಿಗೆಯ ಮೇಲೆ, ಆದರೆ ಹೆಚ್ಚು ಗಮನ ಬೇಡುವುದು ಪಿಂಚಣಿಯ ಸಾಲು. 2006ರ ಏಪ್ರಿಲ್ 1ಕ್ಕಿಂತ ಮೊದಲು ಸೇವೆಗೆ ಸೇರಿದವರು ಹಳೆಯ ಪಿಂಚಣಿ ಮತ್ತು ಸಾಮಾನ್ಯ ಭವಿಷ್ಯ ನಿಧಿಯ ವ್ಯಾಪ್ತಿಯಲ್ಲಿದ್ದಾರೆ, ಅಂದು ಅಥವಾ ಅನಂತರ ಸೇರಿದವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್‌ನಲ್ಲಿದ್ದಾರೆ. ಆ ದಿನಾಂಕಕ್ಕೆ ಮೊದಲೇ ಹೊರಟ ನೇಮಕಾತಿ ಅಧಿಸೂಚನೆಯಡಿ ಆಯ್ಕೆಯಾಗಿ, ವಿಳಂಬದಿಂದ ಅನಂತರ ಕೆಲಸಕ್ಕೆ ಹಾಜರಾದವರಿಗೆ ಹಳೆಯ ಪಿಂಚಣಿಯ ಅವಕಾಶ ನೀಡಿ ಸರ್ಕಾರ 2024ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ಅಂಥವರಿಗೆ ನೇಮಕಾತಿ ಆದೇಶಕ್ಕಿಂತ ಅಧಿಸೂಚನೆಯ ದಿನಾಂಕವೇ ಮುಖ್ಯ ದಾಖಲೆ. ಎನ್‌ಪಿಎಸ್‌ನಲ್ಲಿರುವವರ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10 ಅವರ ಸಂಬಳದಿಂದ ಹೋಗುತ್ತದೆ, ಸರ್ಕಾರ ಶೇ. 14 ಸೇರಿಸುತ್ತದೆ. ಮೇಲಿನ ಉದಾಹರಣೆಯಲ್ಲಿ 56,125 ರೂಪಾಯಿಗೆ ಎರಡೂ ಸೇರಿ 13,470 ರೂಪಾಯಿ ಅವರ ಎನ್‌ಪಿಎಸ್ ಖಾತೆಗೆ, ಅಂದರೆ ಪ್ರಾನ್ ಖಾತೆಗೆ ಜಮೆಯಾಗಬೇಕು. ಸಂಬಳದಲ್ಲಿ ಕಟಾವಣೆಯಾದದ್ದು ಖಾತೆಗೆ ಸೇರಿದೆಯೇ ಎಂಬುದನ್ನು ವೇತನ ಚೀಟಿ ಹೇಳುವುದಿಲ್ಲ, ಖಾತೆಯ ವಿವರ ಪಟ್ಟಿ ಮಾತ್ರ ಹೇಳುತ್ತದೆ. ವರ್ಷಕ್ಕೊಮ್ಮೆಯಾದರೂ ಹನ್ನೆರಡು ತಿಂಗಳ ಜಮೆಯನ್ನು ಎಣಿಸಿ ನೋಡಬೇಕು.

ಉಳಿದ ಕಟಾವಣೆಗಳಲ್ಲಿ ಗೊಂದಲ ಕಡಿಮೆ. ಕೆಜಿಐಡಿ ಎಂದರೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಕಡ್ಡಾಯ ಜೀವ ವಿಮೆ. ಸಂಬಳ ಏರಿದಂತೆ ಹೆಚ್ಚುವರಿ ಪಾಲಿಸಿ ಮಾಡಿಸಬೇಕಾಗುತ್ತದೆ, ಮತ್ತು ಪ್ರತಿ ಪಾಲಿಸಿಯ ಸಂಖ್ಯೆಯೂ ಚೀಟಿಯಲ್ಲಿ ಸರಿಯಾಗಿ ನಮೂದಾಗಿರಬೇಕು. ವೃತ್ತಿ ತೆರಿಗೆ ತಿಂಗಳಿಗೆ 200 ರೂಪಾಯಿ, 2025ರ ತಿದ್ದುಪಡಿಯ ನಂತರ ಫೆಬ್ರವರಿಯಲ್ಲಿ ಮಾತ್ರ 300. ನೌಕರರಿಗೂ ಕುಟುಂಬದವರಿಗೂ ನಗದುರಹಿತ ಚಿಕಿತ್ಸೆಯ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆ 2025ರ ಅಕ್ಟೋಬರ್‌ನಿಂದ ಆರಂಭವಾಗಿದ್ದು, ಶಿಕ್ಷಕರಲ್ಲಿ ಬಹುಪಾಲು ಜನ ಸೇರುವ ‘ಸಿ’ ಗುಂಪಿಗೆ ತಿಂಗಳ ವಂತಿಕೆ 350 ರೂಪಾಯಿ. ಕುಟುಂಬದವರ ಹೆಸರುಗಳನ್ನು ಆಸ್ಪತ್ರೆಗೆ ಸೇರುವ ಹೊತ್ತಿನಲ್ಲಿ ಸೇರಿಸಲು ಓಡಾಡುವುದಕ್ಕಿಂತ ಈಗಲೇ ನೋಂದಾಯಿಸಿಡುವುದು ಲೇಸು.

ಇನ್ನು ಸೇವಾ ಪುಸ್ತಕ. ಪ್ರಾಥಮಿಕ ಶಾಲೆಯವರದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿಯೂ ಪ್ರೌಢಶಾಲೆಯವರದು ಮುಖ್ಯ ಶಿಕ್ಷಕರ ಬಳಿಯೂ ಇರುವುದು ವಾಡಿಕೆ. ಅದನ್ನು ನೋಡಲು ಕೇಳುವುದು ಉಪಕಾರ ಬೇಡಿದಂತಲ್ಲ. ನಮೂದುಗಳನ್ನು ನೌಕರರಿಗೆ ತೋರಿಸಿ ಸಹಿ ಪಡೆಯಬೇಕೆಂಬುದು ನಿಯಮದ ಆಶಯವೇ ಆಗಿದೆ. ನೋಡುವಾಗ ಮೊದಲು ಜನ್ಮ ದಿನಾಂಕ, ಹೆಸರಿನ ಕಾಗುಣಿತ, ಸೇವೆಗೆ ಹಾಜರಾದ ದಿನ, ಪರಿವೀಕ್ಷಣಾ ಅವಧಿಯನ್ನು ತೃಪ್ತಿಕರವಾಗಿ ಪೂರೈಸಿದ್ದಾರೆಂಬ ಘೋಷಣಾ ಆದೇಶ ಇವನ್ನು ಗಮನಿಸಬೇಕು. ಕೊನೆಯದು ಬಹಳ ಜನರಿಗೆ ತೊಡಕಾಗುತ್ತದೆ: ಅವಧಿ ಮುಗಿದಿರುತ್ತದೆ, ಆದೇಶ ಮಾತ್ರ ಆಗಿರುವುದಿಲ್ಲ, ಆದೇಶವಿಲ್ಲದೆ ಮುಂದಿನ ಬಡ್ತಿಯ ಕಡತವೊಂದೂ ಸಾಗುವುದಿಲ್ಲ. ಒಂದೇ ಹುದ್ದೆಯಲ್ಲಿ ಮುಂಬಡ್ತಿಯಿಲ್ಲದೆ 10 ವರ್ಷ ಕಳೆದವರಿಗೆ ಕಾಲಮಿತಿ ಬಡ್ತಿ, 15 ವರ್ಷಕ್ಕೆ ಸ್ವಯಂಚಾಲಿತ ಬಡ್ತಿ, 20, 25, 30 ವರ್ಷಗಳಿಗೆ ಹೆಚ್ಚುವರಿ ವೇತನ ಬಡ್ತಿಯ ಅವಕಾಶವಿದೆ. ಸ್ವಯಂಚಾಲಿತ ಎಂಬ ಹೆಸರನ್ನು ನಂಬಿ ಕುಳಿತರೆ ಅದು ತಾನಾಗಿ ಬರುವುದು ಅಪರೂಪ. ಅರ್ಹತೆಯ ದಿನಾಂಕಕ್ಕೆ ಕೆಲವು ತಿಂಗಳು ಮೊದಲೇ ಪ್ರಸ್ತಾವನೆಗೆ ಬೇಕಾದ ಕಾಗದಗಳನ್ನು ಜೋಡಿಸಿಕೊಳ್ಳಬೇಕು. ನಾಮನಿರ್ದೇಶನದ ಪುಟವನ್ನೂ ತೆರೆದು ನೋಡಬೇಕು, ಮದುವೆಗೆ ಮುಂಚೆ ಬರೆದ ಹೆಸರೇ ಅಲ್ಲಿ ಉಳಿದಿರುವುದುಂಟು. ಪ್ರತಿ ಪುಟದ ನಕಲು ಮನೆಯಲ್ಲಿರಲಿ.

ಇದೇ ಹೊತ್ತಿಗೆ ಅರ್ಹತೆಯ ಪ್ರಶ್ನೆಯೊಂದು ಎದ್ದಿದೆ. 2025ರ ಸೆಪ್ಟೆಂಬರ್ 1ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, 1ರಿಂದ 8ನೇ ತರಗತಿಗಳಿಗೆ ಕಲಿಸುವ, ನಿವೃತ್ತಿಗೆ 5 ವರ್ಷಕ್ಕಿಂತ ಹೆಚ್ಚು ಉಳಿದಿರುವ ಸೇವಾನಿರತ ಶಿಕ್ಷಕರು 2 ವರ್ಷದೊಳಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ತೇರ್ಗಡೆಯಾಗಬೇಕೆಂದು ಹೇಳಿತು. 5 ವರ್ಷಕ್ಕಿಂತ ಕಡಿಮೆ ಉಳಿದವರು ಸೇವೆಯಲ್ಲಿ ಮುಂದುವರಿಯಬಹುದು, ಆದರೆ ಮುಂಬಡ್ತಿಗೆ ಅವರಿಗೂ ಟಿಇಟಿ ಬೇಕು. ಸೇವೆಗೆ ಸೇರಿದ ಮೇಲೆ ಯಾವಾಗಲಾದರೂ ಟಿಇಟಿ ತೇರ್ಗಡೆಯಾಗಿದ್ದರೆ ಆ ಪ್ರಮಾಣಪತ್ರವನ್ನು ಸೇವಾ ಪುಸ್ತಕದಲ್ಲಿ ನಮೂದು ಮಾಡಿಸಿಕೊಳ್ಳುವುದು ಅಗತ್ಯ.

ರಜೆಯ ವಿಷಯದಲ್ಲಿ ಶಿಕ್ಷಕರು ಬೇಸಿಗೆ ಮತ್ತು ದಸರಾ ಬಿಡುವು ಇರುವ ವರ್ಗಕ್ಕೆ ಸೇರುತ್ತಾರೆ, ಹಾಗಾಗಿಯೇ ಅವರ ಗಳಿಕೆ ರಜೆ ಇತರ ನೌಕರರಿಗಿಂತ ಕಡಿಮೆ. ಆದರೆ ಬಿಡುವಿನ ಅವಧಿಯಲ್ಲಿ ಆದೇಶದ ಮೇರೆಗೆ ಕೆಲಸ ಮಾಡಿದರೆ ಅಷ್ಟರ ಪ್ರಮಾಣದಲ್ಲಿ ಗಳಿಕೆ ರಜೆ ಜಮೆಯಾಗಬೇಕು, ಇದು ಹೆಚ್ಚಿನವರು ಬಿಟ್ಟುಕೊಡುವ ಹಕ್ಕು. 2025ರ ದಸರಾ ರಜೆಯಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಮನೆಮನೆ ತಿರುಗಿದವರು ನಿಯೋಜನೆಯ ಆದೇಶ ಮತ್ತು ಹಾಜರಾತಿ ಪ್ರಮಾಣಪತ್ರವನ್ನು ಇಟ್ಟುಕೊಂಡಿದ್ದರೆ ಅದರ ಆಧಾರದ ಮೇಲೆಯೇ ಬೇಡಿಕೆ ಮಂಡಿಸಬಹುದು. ಇಬ್ಬರಿಗಿಂತ ಕಡಿಮೆ ಮಕ್ಕಳಿರುವ ಮಹಿಳೆಯರಿಗೆ ಹೆರಿಗೆ ರಜೆ 180 ದಿನ. 2021ರ ಆದೇಶದಂತೆ ಮಹಿಳಾ ನೌಕರರಿಗೆ ಇಡೀ ಸೇವಾವಧಿಯಲ್ಲಿ 180 ದಿನಗಳ ಶಿಶುಪಾಲನಾ ರಜೆಯೂ ಇದೆ.

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಪ್ರಕರಣದ ಪ್ರಕಾರ ಶಿಕ್ಷಕರನ್ನು ಬೋಧಕೇತರ ಕೆಲಸಕ್ಕೆ ಹಚ್ಚಬಹುದಾದದ್ದು ಹತ್ತು ವರ್ಷಗಳ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗಳಿಗೆ ಮಾತ್ರ. ಮತದಾರರ ಪಟ್ಟಿಯ ಕೆಲಸವನ್ನು ಬೋಧನೆಯಿಲ್ಲದ ದಿನ ಮತ್ತು ವೇಳೆಯಲ್ಲಿ ಮಾಡಿಸಬೇಕೆಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ವಾಸ್ತವದಲ್ಲಿ ಈ ಪಟ್ಟಿಯಾಚೆಗಿನ ಕೆಲಸಗಳೂ ಬರುತ್ತಲೇ ಇವೆ. ಒಬ್ಬೊಬ್ಬರೇ ನಿರಾಕರಿಸುವುದು ಶಿಸ್ತು ಕ್ರಮಕ್ಕೆ ದಾರಿಯಾಗಬಹುದಾದ್ದರಿಂದ, ಮೌಖಿಕ ಸೂಚನೆಗೆ ಬದಲು ಲಿಖಿತ ಆದೇಶ ಕೇಳಿ, ಕೆಲಸ ಮಾಡಿ, ಆಕ್ಷೇಪವನ್ನು ಪ್ರತ್ಯೇಕ ಪತ್ರದಲ್ಲಿ ದಾಖಲಿಸಿ, ಸಂಘದ ಮೂಲಕ ಒಟ್ಟಾಗಿ ಪ್ರಶ್ನಿಸುವುದೇ ನನ್ನ ದೃಷ್ಟಿಯಲ್ಲಿ ಸುರಕ್ಷಿತ ಮಾರ್ಗ.

ವರ್ಗಾವಣೆ ನಡೆಯುವುದು 2020ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆಯಂತೆ, ಕೌನ್ಸೆಲಿಂಗ್ ಮೂಲಕ. ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ ಪ್ರಕಟವಾದಾಗ ಆಕ್ಷೇಪಣೆಗೆ ಕೊಡುವ ಕೆಲವೇ ದಿನಗಳಲ್ಲಿ ಸೇವಾ ದಿನಾಂಕ ಮತ್ತು ಆದ್ಯತೆಯ ಕಾರಣ ಸರಿಯಿದೆಯೇ ಎಂದು ನೋಡದಿದ್ದರೆ ಅಂತಿಮ ಪಟ್ಟಿಯ ನಂತರ ತಿದ್ದುಪಡಿ ಕಷ್ಟ.

ಕಾರಣ ಕೇಳುವ ನೋಟಿಸು ಬಂದಾಗ ಹೆದರಿ ಮೌನವಾಗಿರುವುದೂ ಸಿಟ್ಟಿನಲ್ಲಿ ಬರೆಯುವುದೂ ಎರಡೂ ಹಾನಿಕರ. ನೌಕರರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿಗೆ ಸಂಬಂಧಿಸಿದ 1957ರ ಸಿಸಿಎ ನಿಯಮಗಳಲ್ಲಿ 10ನೆಯದು ಅಮಾನತಿಗೆ, 11ನೆಯದು ದೊಡ್ಡ ದಂಡನೆಯ ವಿಚಾರಣೆಗೆ, 12ನೆಯದು ಲಘು ದಂಡನೆಗೆ ಸಂಬಂಧಿಸಿದ್ದು. ನೋಟಿಸಿನಲ್ಲಿ ಯಾವ ಸಂಖ್ಯೆಯಿದೆ ಎಂಬುದರಿಂದಲೇ ವಿಷಯದ ಗಾಂಭೀರ್ಯ ತಿಳಿಯುತ್ತದೆ. ಆರೋಪಕ್ಕೆ ಆಧಾರವಾದ ದಾಖಲೆಗಳ ಪ್ರತಿ ಕೇಳಿ, ಗಡುವಿನೊಳಗೆ ಉತ್ತರಿಸಬೇಕು. ಅಮಾನತಿನಲ್ಲಿರುವಾಗಲೂ ಜೀವನಾಧಾರ ಭತ್ಯೆ ಪಡೆಯುವುದು ಹಕ್ಕು. ಲೈಂಗಿಕ ಕಿರುಕುಳದ ದೂರನ್ನು, ಹತ್ತಕ್ಕಿಂತ ಕಡಿಮೆ ನೌಕರರಿರುವ ಶಾಲೆಯಲ್ಲಿ ಆಂತರಿಕ ಸಮಿತಿ ಇಲ್ಲದಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ 3 ತಿಂಗಳೊಳಗೆ ಕೊಡಬಹುದು.

ಯಾವುದೇ ಲೋಪ ಕಂಡಾಗ ಬಾಯಿಮಾತಿನಲ್ಲಿ ಕೇಳಿ ಬರುವುದು ಕೆಲಸದ ಮೊದಲ ಹೆಜ್ಜೆಯಷ್ಟೇ. ಒಂದು ಮನವಿಯಲ್ಲಿ ಒಂದೇ ವಿಷಯ, ಅದಕ್ಕೆ ಸಂಬಂಧಿಸಿದ ಆದೇಶದ ಸಂಖ್ಯೆ ಮತ್ತು ದಿನಾಂಕ, ಬರಬೇಕಾದ ಮೊತ್ತದ ಲೆಕ್ಕ, ಕೋರಿಕೆ ಇಷ್ಟಿದ್ದರೆ ಸಾಕು. ಟಪಾಲು ವಿಭಾಗದಲ್ಲಿ ಕೊಟ್ಟು ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಬೇಕು. ತಿರಸ್ಕರಿಸಿದರೆ ಕಾರಣ ತಿಳಿಸುವ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೇಳಬೇಕು. ಕಡತ ಎಲ್ಲಿದೆ ಎಂದು ತಿಳಿಯಲು 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಸಾಕು, ಉತ್ತರಕ್ಕೆ 30 ದಿನಗಳ ಮಿತಿಯಿದೆ. ಕರ್ನಾಟಕದಲ್ಲಿ ಆ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳಿಗೆ ಸೀಮಿತವಾಗಿರಬೇಕು. ಇಲಾಖೆಯೊಳಗೆ ಪರಿಹಾರ ಸಿಗದಿದ್ದರೆ ಬೆಂಗಳೂರು, ಬೆಳಗಾವಿ, ಕಲಬುರಗಿಯಲ್ಲಿ ಪೀಠಗಳಿರುವ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬೇಕು. ಅಂತಿಮ ಆದೇಶವಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಮೇಲ್ಮನವಿ ಕೊಟ್ಟು ಆರು ತಿಂಗಳಾದರೂ ಉತ್ತರ ಬಾರದಿದ್ದರೆ, ಆ ಆರು ತಿಂಗಳು ಮುಗಿದ ಮೇಲೆ ಒಂದು ವರ್ಷ. ನಡುವೆ ಎಷ್ಟು ಜ್ಞಾಪನಾ ಪತ್ರಗಳನ್ನು ಕೊಟ್ಟರೂ ಈ ಗಡುವು ಮುಂದಕ್ಕೆ ಹೋಗುವುದಿಲ್ಲ.