ರೈಲಿಗೂ ಬಸ್ಸಿಗೂ ಗಂಟು ಹಾಕಿದ್ದು: ಹಾಸನದಲ್ಲಿ ನನ್ನ ಅನುಭವ

ಹಾಸನದ ಹೊರವಲಯದ ಕೈಗಾರಿಕಾ ಪ್ರದೇಶದಲ್ಲಿರುವ ಸಿದ್ಧ ಉಡುಪು ಘಟಕವೊಂದರ ಆಡಳಿತ ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದು, ನೌಕರರ ಓಡಾಟದ ಹೊಣೆಯೂ ನನ್ನ ಪಾಲಿಗೆ ಬಂದಿದೆ. ಹೊಳೆನರಸೀಪುರ, ಅರಸೀಕೆರೆ, ಆಲೂರು, ಸಕಲೇಶಪುರದ ಕಡೆಗಳಿಂದ ದಿನವೂ ಬಂದು ಹೋಗುವವರು ನಮ್ಮಲ್ಲಿ ಬಹಳ. ಅಷ್ಟು ದಿಕ್ಕುಗಳಿಗೂ ಗುತ್ತಿಗೆ ವಾಹನ ಇಡುವುದು ಆಗದ ಮಾತು ಎಂದು ಆಡಳಿತ ಮಂಡಳಿ ಖಚಿತಪಡಿಸಿದ ಮೇಲೆ, ಇರುವ ರೈಲು, ಇರುವ ಬಸ್ಸು, ಇರುವ ಆಟೊಗಳನ್ನೇ ಒಂದಕ್ಕೊಂದು ಹೊಂದಿಸಲು ಸಾಧ್ಯವೇ ಎಂದು ನೋಡಲು ಹೊರಟೆ.

ಹಾಸನಕ್ಕೆ ತಲುಪುವುದು ಯಾರಿಗೂ ಕಷ್ಟವಲ್ಲ. ಮೈಸೂರು–ಅರಸೀಕೆರೆ ಮಾರ್ಗವಿದೆ, ಸಕಲೇಶಪುರದ ಮೇಲೆ ಮಂಗಳೂರಿಗೆ ಇಳಿಯುವ ಮಾರ್ಗವಿದೆ, 2017ರಿಂದ ಶ್ರವಣಬೆಳಗೊಳ, ಕುಣಿಗಲ್ ಮೂಲಕ ಬೆಂಗಳೂರಿನ ನೇರ ಮಾರ್ಗವೂ ಇದೆ. ಆದರೆ ರೈಲು ನಿಲ್ದಾಣ ಒಂದು ಕಡೆ, ಹೊರ ಊರುಗಳ ಬಸ್ಸು ಬರುವ ಹೊಸ ಬಸ್ ನಿಲ್ದಾಣ ಇನ್ನೊಂದು ಕಡೆ, ನಗರ ಸಾರಿಗೆ ಬಸ್ ನಿಲ್ದಾಣ ಮತ್ತೊಂದು ಕಡೆ ಇರುವುದರಿಂದ, ಊರಿನಿಂದ ಇಲ್ಲಿಯವರೆಗೆ ಅಗ್ಗವಾಗಿ ಬಂದವರಿಗೆ ಊರೊಳಗಿನ ಕೊನೆಯ ನಾಲ್ಕೈದು ಕಿಲೋಮೀಟರೇ ಹೆಚ್ಚು ದುಬಾರಿಯಾಗುತ್ತಿತ್ತು. ರೈಲಿನ ಮಾಸಿಕ ಪಾಸಿನಲ್ಲಿ ಉಳಿಸಿದ ಹಣವನ್ನು ಆಟೊಗೆ ಕೊಡುವುದಾದರೆ ಪಾಸು ಮಾಡಿಸಿ ಏನು ಬಂತು ಎಂದು ನಮ್ಮ ಹೊಲಿಗೆ ವಿಭಾಗದವರೊಬ್ಬರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮೊದಲು ಮಾಡಿದ ಕೆಲಸವೆಂದರೆ ರೈಲಿನ ಮುದ್ರಿತ ವೇಳಾಪಟ್ಟಿಯನ್ನು ಬದಿಗಿಟ್ಟು, ರೈಲು ವಾಸ್ತವವಾಗಿ ಬರುವ ಹೊತ್ತನ್ನು ಬರೆದಿಟ್ಟುಕೊಂಡದ್ದು. ನಮ್ಮ ಈ ಮಾರ್ಗಗಳು ಒಂಟಿ ಹಳಿಯವು. ಎದುರಿನ ರೈಲಿಗೆ ದಾರಿ ಬಿಡಲು ಒಂದು ರೈಲು ಯಾವುದಾದರೂ ನಿಲ್ದಾಣದಲ್ಲಿ ಕಾಯಲೇಬೇಕು. ಒಂದು ರೈಲು ತಡವಾದರೆ ಕ್ರಾಸಿಂಗಿನ ಜಾಗವೇ ಬದಲಾಗಿ ಅದರ ಪರಿಣಾಮ ಇನ್ನೊಂದರ ಮೇಲೂ ಬೀಳುತ್ತದೆ. ರೈಲು ಎಲ್ಲಿದೆ, ಎಷ್ಟು ತಡ ಎಂದು ತೋರಿಸುವ ರೈಲ್ವೆಯ ಎನ್‌ಟಿಇಎಸ್ ಆ್ಯಪಿನಲ್ಲಿ ಕೆಲವು ವಾರ ಗಮನಿಸಿದಾಗ, ಬೆಳಗಿನ ರೈಲು ಹೆಚ್ಚಿನ ದಿನಗಳಲ್ಲಿ ಯಾವ ಹೊತ್ತಿನೊಳಗೆ ಬಂದಿರುತ್ತದೆ ಎಂಬುದು ಸ್ಪಷ್ಟವಾಯಿತು. ನಾನು ಬಸ್ಸನ್ನು ಹೊಂದಿಸಲು ಹೊರಟದ್ದು ಆ ಹೊತ್ತಿಗೆ.

ಸಾರಿಗೆ ಯೋಜನೆ ಮಾಡುವವರು ಕಾಯುವ ಒಂದು ನಿಮಿಷವನ್ನು ಕುಳಿತು ಸಾಗುವ ಸುಮಾರು ಎರಡು ನಿಮಿಷಕ್ಕೆ ಸಮವೆಂದು ಲೆಕ್ಕ ಹಿಡಿಯುತ್ತಾರೆ. ಬಿ.ಎಂ. ರಸ್ತೆಯ ಬದಿಯಲ್ಲಿ ಬುತ್ತಿ ಚೀಲ ಹಿಡಿದು, ಬಸ್ಸು ಹೋಯಿತೋ ಬರಬೇಕೋ ತಿಳಿಯದೆ ನಿಂತವರಿಗೆ ಎರಡೂ ಕಡಿಮೆಯೇ ಎಂದು ನನ್ನ ಅನಿಸಿಕೆ.

ಬಸ್ ಡಿಪೊದಲ್ಲಿ ನಡೆಸಿದ ಮಾತುಕತೆಯಿಂದ ಕಲಿತದ್ದು ಬಹಳ. ಬಸ್ಸಿನ ಹೊತ್ತು ಬದಲಿಸಿ ಎಂದು ಬರಿದೇ ಮನವಿ ಕೊಟ್ಟರೆ ಅದು ಕಡತದಲ್ಲಿ ಉಳಿಯುತ್ತದೆ, ಏಕೆಂದರೆ ಒಂದು ಅನುಸೂಚಿಯ, ಅಂದರೆ ಒಂದು ಬಸ್ಸಿನ ದಿನದ ಓಡಾಟದ, ಎಲ್ಲ ಟ್ರಿಪ್‌ಗಳೂ ಚಾಲಕ–ನಿರ್ವಾಹಕರ ಕೆಲಸದ ಅವಧಿಯೂ ಫಾರಂ 4 ಎಂಬ ಸಮಯ ಪಟ್ಟಿಯಲ್ಲಿ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಬೆಳಗಿನ ಹತ್ತು ನಿಮಿಷ ಸರಿಸಿದರೆ ಮಧ್ಯಾಹ್ನದ ಟ್ರಿಪ್ ಕೂಡ ಸರಿಯುತ್ತದೆ. ಅಲ್ಲಿಯವರು ನೋಡುವುದು ಇಪಿಕೆಎಂ, ಅಂದರೆ ಪ್ರತಿ ಕಿಲೋಮೀಟರಿಗೆ ಬರುವ ಆದಾಯ. ಆದ್ದರಿಂದ ಯಾವ ಊರಿನಿಂದ, ಯಾವ ರೈಲಿನಲ್ಲಿ, ಎಷ್ಟು ಮಂದಿ ಬರುತ್ತಾರೆ ಎಂಬ ಪಟ್ಟಿಯನ್ನು ನೆರೆಯ ಘಟಕಗಳಿಂದಲೂ ಸಂಗ್ರಹಿಸಿ ಒಯ್ದೆ. ಹೊಸ ಬಸ್ಸನ್ನು ಕೇಳಲಿಲ್ಲ. ನಗರ ಬಸ್ ನಿಲ್ದಾಣದಿಂದ ಹೊರಡುತ್ತಿದ್ದ ಒಂದು ಟ್ರಿಪ್ ಹೊಸ ಬಸ್ ನಿಲ್ದಾಣವನ್ನೂ ರೈಲು ನಿಲ್ದಾಣವನ್ನೂ ಮುಟ್ಟಿಕೊಂಡು ನಮ್ಮ ಕಡೆ ಬರಲಿ ಎಂದಷ್ಟೇ ಕೇಳಿದೆ. ಪಟ್ಟಿ ನೋಡಿದ ಸಂಚಾರ ನಿಯಂತ್ರಕರು, “ಜನ ಇದಾರೆ ಅಂತ ಎಲ್ಲರೂ ಹೇಳ್ತಾರೆ ಸಾರ್, ಯಾವ ಟೈಮಿಗೆ ಇದಾರೆ ಅಂತ ಯಾರೂ ಹೇಳಲ್ಲ,” ಎಂದರು.

2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಆರಂಭವಾದ ಮೇಲೆ ಈ ಲೆಕ್ಕವೇ ಮಗ್ಗುಲು ಬದಲಿಸಿತು. ಹೊಳೆನರಸೀಪುರದಿಂದ ರೈಲಿನಲ್ಲಿ ಬರುತ್ತಿದ್ದ ಹೆಣ್ಣುಮಕ್ಕಳಲ್ಲಿ ಹಲವರು ಬಸ್ಸಿಗೆ ಬಂದರು, ಗಂಡಸರು ಪಾಸಿನೊಂದಿಗೆ ರೈಲಿನಲ್ಲೇ ಉಳಿದರು. ಒಂದೇ ಮನೆಯ ಗಂಡ–ಹೆಂಡತಿ ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿದು ಅದೇ ನಗರ ಬಸ್ಸಿನಲ್ಲಿ ಸೇರಿಕೊಳ್ಳುವುದನ್ನು ಈಗಲೂ ಕಾಣಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ. ಉಚಿತ ಪ್ರಯಾಣಕ್ಕೆ ಕೊಡುವ ಶೂನ್ಯ ಟಿಕೆಟ್‌ಗಳ ಮೊತ್ತವನ್ನು ಸರ್ಕಾರವು ಸಾರಿಗೆ ನಿಗಮಕ್ಕೆ ಭರಿಸುತ್ತದೆ. ‘ಹೇಗಿದ್ದರೂ ಉಚಿತ, ಹತ್ತಿರದ ದಾರಿ’ ಎಂದು ಟಿಕೆಟ್ ಪಡೆಯದೆ ಇಳಿದರೆ ದಾಖಲೆಯಲ್ಲಿ ಆ ಬಸ್ಸು ಖಾಲಿ ಓಡಿದಂತೆಯೇ. ಆದ್ದರಿಂದ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟನ್ನು ಕೇಳಿ ಪಡೆಯಬೇಕೆಂದು ನಮ್ಮ ಸೂಚನಾ ಫಲಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿದ್ದೇನೆ, ಪ್ರತಿ ಪಾಳಿಯ ಮೇಲ್ವಿಚಾರಕರಿಂದ ಹೇಳಿಸುತ್ತಲೂ ಇದ್ದೇನೆ.

ಉಳಿದದ್ದು ನಮ್ಮದೇ ಗೇಟಿನ ಸಮಯ. ರೈಲನ್ನು ನಾವು ಹಿಂದೆ ಮುಂದೆ ಮಾಡಲಾರೆವು, ಬಸ್ಸನ್ನು ಸ್ವಲ್ಪ ಮಾತ್ರ ಸರಿಸಬಹುದು; ಪಾಳಿಯ ಆರಂಭವನ್ನು ಹದಿನೈದು ನಿಮಿಷ ಮುಂದಕ್ಕೆ ಹಾಕುವುದು ಈ ಮೂರರಲ್ಲಿ ಎಲ್ಲಕ್ಕಿಂತ ಅಗ್ಗದ ಕೆಲಸವಾಗಿತ್ತು. ಆದರೂ ಒಪ್ಪಿಸಲು ಹಿಡಿದ ಕಾಲ ಡಿಪೊದಲ್ಲಿ ಹಿಡಿದದ್ದಕ್ಕಿಂತ ಹೆಚ್ಚು. ಸ್ವಿಟ್ಜರ್ಲೆಂಡಿನಲ್ಲಿ 1982ರಿಂದ ದೇಶದಾದ್ಯಂತ ರೈಲುಗಳು ನಿಗದಿತ ಅಂತರದಲ್ಲಿ ಓಡುತ್ತವೆ. ದೊಡ್ಡ ಜಂಕ್ಷನ್‌ಗಳಲ್ಲಿ ಎಲ್ಲ ದಿಕ್ಕಿನ ರೈಲುಗಳೂ ಹತ್ತಿರ ಹತ್ತಿರ ಒಂದೇ ಹೊತ್ತಿಗೆ ಸೇರಿ ಚದುರುತ್ತವೆ, ಹಳ್ಳಿಗಳ ಬಸ್ಸು ಅದಕ್ಕೆ ಹೊಂದಿಕೊಂಡು ಹೊರಡುತ್ತದೆ. ನಮ್ಮ ಸಭೆಯಲ್ಲಿ ಇದನ್ನು ಹೇಳಿದಾಗ ನಕ್ಕವರೂ ಇದ್ದರು, ಆದರೆ ಗೇಟಿನ ಸಮಯ ಸರಿಸಲು ಸ್ವಿಸ್ ಹಣವೇನೂ ಬೇಕಿರಲಿಲ್ಲ.

ಆಟೊ ಚಾಲಕರ ಹೊಟ್ಟೆಪಾಡಿನ ಪ್ರಶ್ನೆಯೂ ಇತ್ತು. ರೈಲು ನಿಲ್ದಾಣದ ಮುಂದಿನ ಆಟೊ ನಿಲ್ದಾಣದವರೊಂದಿಗೆ ಕುಳಿತು, ರೈಲು ತಡವಾಗಿ ಬಸ್ಸು ತಪ್ಪಿದ ದಿನ ತಲಾ ಇಷ್ಟು ಎಂದು ಮೊದಲೇ ಗೊತ್ತುಪಡಿಸಿದ ದರಕ್ಕೆ ಮೂವರನ್ನು ಒಟ್ಟಿಗೆ ಕರೆತರುವ ಒಪ್ಪಂದ ಮಾಡಿಕೊಂಡೆವು. ರೈಲಿನಲ್ಲಿ ಬರುವವರೊಬ್ಬರು ಹಿಂದಿನ ನಿಲ್ದಾಣ ದಾಟಿದೊಡನೆ ವಾಟ್ಸ್‌ಆ್ಯಪ್ ಗುಂಪಿಗೆ ಸಂದೇಶ ಹಾಕುತ್ತಾರೆ. ಅದನ್ನು ನೋಡಿ ನಿರ್ವಾಹಕರು ಮೂರ್ನಾಲ್ಕು ನಿಮಿಷ ತಡೆಯುತ್ತಾರೆ, ಅದಕ್ಕಿಂತ ಹೆಚ್ಚಾದರೆ ತಡೆಯುವುದಿಲ್ಲ. ಈ ಮಿತಿ ಕಠಿಣವೆನಿಸಿದರೂ ನಾನು ಅದರ ಪರವೇ, ಏಕೆಂದರೆ ಬಸ್ಸಿನೊಳಗೆ ಆಗಲೇ ಕುಳಿತಿರುವವರಿಗೂ ಹಾಜರಿಯ ಯಂತ್ರವಿದೆ.

ಎರಡನೆಯ ಪಾಳಿ ಬಿಡುವ ರಾತ್ರಿಯ ಹೊತ್ತಿಗೆ ಇನ್ನೂ ಹೊಂದಿಕೆಯಾಗಿಲ್ಲ, ಆ ಪಾಳಿಗೆ ಘಟಕದ ವಾಹನವೇ ಓಡುತ್ತಿದೆ. ರೈಲ್ವೆಯ ವೇಳಾಪಟ್ಟಿ ಬದಲಾದಾಗಲೆಲ್ಲ ಡಿಪೊಗೆ ಹೊಸ ಪಟ್ಟಿಯೊಂದಿಗೆ ಮತ್ತೆ ಹೋಗಬೇಕಾಗುತ್ತದೆ. ಪಟ್ಟಿಯನ್ನು ನವೀಕರಿಸುವ ಕೆಲಸವನ್ನು ಹಾಜರಾತಿ ನೋಡಿಕೊಳ್ಳುವ ಗುಮಾಸ್ತರಿಗೆ ಲಿಖಿತವಾಗಿಯೇ ವಹಿಸಿದ್ದೇನೆ.